ಮಗಳಿಗೊಂದು ಪತ್ರ: ಜಿಪ್ಸಿಯ ಕೆಳಗೆ ಮಲಗಿ ನೋಡುವುದು

ಮಂಡ್ಯ

ಪ್ರೀತಿಯ ಪುಟ್ಟಿ,

ನಮ್ಮ ಮಾರುತಿ ಜಿಪ್ಸಿ ಇನ್ನು ಮೈಸೂರಿನಲ್ಲಿ ನಿನ್ನ ಹತ್ತಿರವೇ ಇರುತ್ತದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1.3 ಲೀಟರಿನ ಆ ಪೆಟ್ರೋಲ್ ಎಂಜಿನ್ ಗಟ್ಟಿ. ಆಯಿಲ್, ಫಿಲ್ಟರ್, ಕೂಲೆಂಟ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿದ್ದರೆ ತನ್ನ ಪಾಡಿಗೆ ಓಡುತ್ತದೆ. ಟೈಮಿಂಗ್ ಬೆಲ್ಟ್ ಹಾಕಿಸಿದ ಕಿಲೋಮೀಟರ್ ಎಲ್ಲೂ ಬರೆದಿಲ್ಲವಾದರೆ, ಬೆಲ್ಟ್ ನೋಡೋಕೆ ಚೆನ್ನಾಗಿದೆ ಅಂತ ಸುಮ್ಮನಾಗಬೇಡ, ಟೆನ್ಷನರ್ ಸಮೇತ ಹೊಸದು ಹಾಕಿಸಿಬಿಡು.

ನಮ್ಮ ಕಡೆ ಹಳೇ ಫೋರ್ ವೀಲ್ ಗಾಡಿ ಕೆಡುವುದು ಕೆಳಗಿನಿಂದ ಕಣೇ. ಗದ್ದೆ ಕೆಸರು, ನಾಲೆ ಏರಿಯ ಹಳ್ಳ, ಕಬ್ಬಿನ ಗಾಡಿ ಓಡಾಡಿ ಕೊಚ್ಚೆಯಾದ ದಾರಿ. ಆಯಿಲ್ ಇರಬೇಕಾದ ಕಡೆ ನೀರು ಸೇರುತ್ತದೆ, ಆಯಿಲ್ ಹೊರಗೆ ಬರುತ್ತದೆ. ದೊಡ್ಡ ಖರ್ಚಿನ ರಿಪೇರಿಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದು ಅಲ್ಲೇ. ಆದ್ದರಿಂದ ಮೊದಲು ನೋಡಬೇಕಾದ್ದು ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಕಿಂಡಿ.

ಮುಂದೆ ಹಿಂದೆ ಎರಡೂ ಆಕ್ಸಲ್ ಹೌಸಿಂಗ್‌ನ (ಎಡಬಲ ಚಕ್ರಗಳ ನಡುವಿನ ಕವಚದ) ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ಸಣ್ಣ ಮುಚ್ಚಳದ ಒಂದೊಂದು ಬ್ರೀದರ್ ಇರುತ್ತದೆ. ಹೆದ್ದಾರಿಯಲ್ಲಿ ಓಡಿದಾಗ ಒಳಗಿನ ಆಯಿಲ್ ಬಿಸಿಯಾಗಿ ಗಾಳಿ ಹಿಗ್ಗುತ್ತದೆ. ಕೆಸರು ಒಣಗಿ ಬ್ರೀದರ್ ಕಟ್ಟಿದ್ದರೆ ಆ ಒತ್ತಡ, ಆಯಿಲ್ ಸೋರದಂತೆ ತಡೆಯುವ ಸೀಲನ್ನು ತಳ್ಳಿಕೊಂಡು ಆಚೆ ಬರುತ್ತದೆ. ಅದೇ ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಕೈಯಲ್ಲಿ ಅಲ್ಲಾಡಬೇಕು. ಅಲ್ಲಾಡದಿದ್ದರೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆ. ಇನ್ನೂ ಒಳ್ಳೆಯದೆಂದರೆ ಮುಚ್ಚಳದ ಬದಲು ನಿಪ್ಪಲ್ ಹಾಕಿ, ಪೆಟ್ರೋಲ್ ಪೈಪಿನಂಥ ರಬ್ಬರ್ ಹೋಸ್ ಸಿಕ್ಕಿಸಿ, ಕ್ಲಿಪ್ ಬಿಗಿದು ಬಾನೆಟ್ ಒಳಗಿನವರೆಗೆ ಎತ್ತರಕ್ಕೆ ಕಟ್ಟುವುದು. ಹೌಸಿಂಗ್ ಮೇಲೆ ಕೆಳಗೆ ಆಡುತ್ತದೆ, ಹೋಸ್ ಬಿಗಿಯಾಗಿರಬಾರದು. ಸೈಲೆನ್ಸರ್ ಪೈಪಿಗೆ ತಾಗದಂತೆಯೂ ನೋಡಿಕೋ.

ಆಮೇಲೆ ಆ ಹೌಸಿಂಗ್‌ಗಳ ಒಳಗಿನ ಗೇರ್ ಆಯಿಲ್. ಐದಾರು ಕಿಲೋಮೀಟರ್ ಓಡಿಸಿ ಬೆಚ್ಚಗೆ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಗಾಡಿ ಎತ್ತಬೇಕಾಗಿ ಬಂದರೆ ಜಾಕಿ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಲೇಬೇಡ, ಸ್ಟ್ಯಾಂಡ್ ಕೊಟ್ಟ ಮೇಲೇ ಹೋಗು. ಇದನ್ನು ನನ್ನ ಮಾತೆಂದು ನಡೆಸಿಕೊಡು. ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ನಟ್ಟು, ಕೆಳಗಿನದಲ್ಲ. ಆಯಿಲ್ ಖಾಲಿ ಮಾಡಿದ ಮೇಲೆ ಮೇಲಿನ ನಟ್ಟು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತಿತು. ಇಳಿದ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡು. ಕಪ್ಪಾಗಿದ್ದರೆ ಬರೀ ಹಳೆಯದು. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ: ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಮತ್ತೊಮ್ಮೆ ಇಳಿಸಿ ಹಾಕಬೇಕು, ನೀರು ಬಂದ ದಾರಿಯನ್ನೂ ಹುಡುಕಬೇಕು. ಇಳಿದ ಆಯಿಲಿನಲ್ಲಿ ಮ್ಯಾಗ್ನೆಟ್ ಆಡಿಸು. ಬೂದಿಯಂಥ ನುಣ್ಣನೆಯ ಪುಡಿ ಅಂಟಿದರೆ ಹೆದರಬೇಕಿಲ್ಲ. ಕೈಗೆ ಚುಚ್ಚುವ ಚೂರು ಸಿಕ್ಕಿದರೆ ಬೇರಿಂಗೋ, ಚಕ್ರಕ್ಕೆ ಬಲ ಕೊಡುವ ಕ್ರೌನ್ ಪಿನಿಯನ್ ಗೇರೋ ಮುರಿಯುತ್ತಿದೆ.

ಹೌಸಿಂಗ್‌ಗಳಿಗೆ 80ಡಬ್ಲ್ಯೂ-90 ಜಿಎಲ್-5 ಹಾಕು (ಮೊದಲನೆಯದು ಆಯಿಲಿನ ಮಂದ, ಎರಡನೆಯದು ದರ್ಜೆ). ಎರಡಕ್ಕೂ ಸೇರಿ 4 ಲೀಟರ್ ತಂದಿಟ್ಟುಕೊಂಡರೆ ಸಾಕು, ಸ್ವಲ್ಪ ಮಿಗುತ್ತದೆ. ತುಂಬುವ ತೂತಿನ ಕೆಳಅಂಚಿಗೆ ಬಂದು ಜಿನುಗಿತೆಂದರೆ ನಿಲ್ಲಿಸು. ಗೇರ್‌ಬಾಕ್ಸ್‌ಗೆ ಮಾತ್ರ ಜಿಎಲ್-4. ಜಿಎಲ್-5ರಲ್ಲಿ ಗಂಧಕದ ರಾಸಾಯನಿಕ ಹೆಚ್ಚು, ಗೇರ್ ನಯವಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೋ ರಿಂಗಿಗೆ ಅದು ಒಗ್ಗುವುದಿಲ್ಲ. ಎಲ್ಲದಕ್ಕೂ ಒಂದೇ ಡಬ್ಬದ ಆಯಿಲ್ ಸುರಿಯುವ ಅಭ್ಯಾಸ ಎಷ್ಟೋ ಕಡೆ ಇದೆ, ನೀನು ಡಬ್ಬದ ಮೇಲಿನ ಅಕ್ಷರ ಓದಿಯೇ ಕೊಡು.

ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಒದ್ದೆಯಿದ್ದರೆ ಮೂಸಿ ನೋಡು. ಗಂಧಕದ ಗಬ್ಬು ವಾಸನೆ ಬಂದರೆ ಆಕ್ಸಲ್ ಆಯಿಲ್ ಸೀಲ್ ಹೋಗಿದೆ. ತೆಳುವಾಗಿದ್ದು ಆ ವಾಸನೆ ಇಲ್ಲದಿದ್ದರೆ ಬ್ರೇಕ್ ಆಯಿಲಿನ ವೀಲ್ ಸಿಲಿಂಡರ್ ಸೋರುತ್ತಿದೆ. ಸೀಲೇ ಆದರೆ ಬ್ರೀದರ್ ಕಟ್ಟಿದೆಯಾ, ಆಯಿಲ್ ಜಾಸ್ತಿ ತುಂಬಿದೆಯಾ, ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತಿದೆಯಾ, ಈ ಮೂರೂ ನೋಡದೆ ಹೊಸ ಸೀಲ್ ಹಾಕಿಸಿದರೆ ಅದೂ ಬೇಗ ಹೋಗುತ್ತದೆ. ಆಯಿಲ್ ಕುಡಿದ ಬ್ರೇಕ್ ಶೂ ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇವೆ ಅಂದರೆ ಒಪ್ಪಬೇಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಉಕ್ಕುತ್ತದೆ. ಎರಡೂ ಕಡೆಯ ಶೂ ಒಟ್ಟಿಗೆ ಬದಲಾಗಬೇಕು.

ಮುಂದಿನ ಚಕ್ರದ ಹಿಂದೆ, ಸ್ಟಿಯರಿಂಗ್ ತಿರುಗಿಸಿದಾಗ ಆಡುವ ಗುಂಡು ಕಾಣುತ್ತದಲ್ಲ, ಅದರ ಮೇಲೆ ಗ್ರೀಸಿನ ತೆಳುವಾದ ಪೊರೆ ಇರುವುದೇ ಸರಿ. ಗ್ರೀಸ್ ನೀರಾಗಿ ಇಳಿಯುತ್ತಿದ್ದರೆ ಹೌಸಿಂಗ್ ತುದಿಯ ಒಳಸೀಲ್ ಹೋಗಿ, ಗೇರ್ ಆಯಿಲ್ ಬಂದು ಗುಂಡಿನೊಳಗಿನ ಜಾಯಿಂಟಿನ ಗ್ರೀಸನ್ನು ತೊಳೆಯುತ್ತಿದೆ ಎಂದರ್ಥ. ಹೊರಗಿನ ಸೀಲ್ ಒಂದನ್ನೇ ಬದಲಿಸಿದರೆ ಪ್ರಯೋಜನವಿಲ್ಲ. ಒಳಸೀಲ್, ಹೊರಸೀಲ್ ಎರಡೂ ಹಾಕಿಸು. ಹೇಗೂ ಬಿಚ್ಚಿರುತ್ತಾರೆ, ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್ ಬೇರಿಂಗ್ ಕೂಡ ಆಗಲೇ ನೋಡಿಸು.

ಹಳ್ಳ ಹಾರಿದ ಮೇಲೆ ಸ್ಟಿಯರಿಂಗ್ ಗಡಗಡ ನಡುಗಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ ಮೊದಲ ಅನುಮಾನ ಆ ಬೇರಿಂಗ್ ಮೇಲೆಯೇ. ವೀಲ್ ಬ್ಯಾಲೆನ್ಸ್ ತಪ್ಪಿದ್ದರೆ, ಸ್ಟಿಯರಿಂಗ್ ಸರಳಿನ ತುದಿಯ ಕೀಲು (ಟೈ ರಾಡ್ ಎಂಡ್) ಸವೆದಿದ್ದರೆ ಕೂಡ ನಡುಗುತ್ತದೆ. ಮುಂದಿನ ಚಕ್ರ ಎತ್ತಿ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸು. ಪ್ಲೇ ಸಿಕ್ಕಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸು. ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್. ಕಿಂಗ್ ಪಿನ್ ಬೇರಿಂಗ್ ಚೆನ್ನಾಗಿದ್ದರೆ ಕ್ಯಾಪಿನ ಕೆಳಗಿನ ತೆಳು ತಗಡು (ಶಿಮ್) ತೆಗೆದು ಬಿಗಿ ಮಾಡಬಹುದು, ಗುಳಿ ಬಿದ್ದಿದ್ದರೆ ಹೊಸದೇ ಆಗಬೇಕು. ಇದನ್ನು ಬಿಟ್ಟು ಸ್ಟಿಯರಿಂಗ್ ಡ್ಯಾಂಪರ್ ಮಾತ್ರ ಬದಲಿಸುವವರಿದ್ದಾರೆ. ನಡುಕ ಅಡಗುತ್ತದೆ, ಸವೆತ ನಿಲ್ಲುವುದಿಲ್ಲ.

ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ (ಕೀಲುಗಳಿಗೆ) ಗ್ರೀಸ್ ಗನ್ನಿನಲ್ಲಿ ಹೊಸ ಗ್ರೀಸ್ ಸೀಲಿನಂಚಿನಲ್ಲಿ ಇಣುಕುವವರೆಗೆ ಹೊಡಿ. ನೀರಿಗಿಳಿದ ಮೇಲಂತೂ ತಪ್ಪಿಸಬೇಡ. ಕ್ರಾಸಿನ ತುದಿಯ ಬಟ್ಟಲಿನಂಥ ಮುಚ್ಚಳದ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ, ಅದಕ್ಕಿನ್ನು ಗ್ರೀಸ್ ಹೊಡೆದೂ ಫಲವಿಲ್ಲ.

ಫೋರ್ ವೀಲ್ ಹಾಕಿ ಒಣ ಟಾರ್ ರಸ್ತೆಯಲ್ಲಿ ತಿರುಗಿಸಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು, ಈ ಗಾಡಿಯಲ್ಲಿ ಆ ವ್ಯತ್ಯಾಸ ತೀರಿಸುವ ಗೇರ್ ನಡುವೆ ಇಲ್ಲ. ಶಾಫ್ಟುಗಳು ಹುರಿಗೊಂಡು, ಫೋರ್ ವೀಲ್ ಲಿವರ್ ಹೊರಗೆ ಬಾರದಂತೆ ಕಚ್ಚಿಕೊಳ್ಳುತ್ತದೆ. ಹಾಗಾದರೆ ಲಿವರನ್ನು ಎಳೆದಾಡದೆ ಸ್ವಲ್ಪ ರಿವರ್ಸ್ ಹೋಗು, ಸಡಿಲವಾಗುತ್ತದೆ. ಇದೇ ಕಾರಣಕ್ಕೆ ನಾಲ್ಕು ಟೈರೂ ಒಂದೇ ಅಳತೆ, ಹೆಚ್ಚೂಕಮ್ಮಿ ಒಂದೇ ಸವೆತ ಇರಬೇಕು. ನಮ್ಮದು ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸಿ ಲಾಕ್ ಇಲ್ಲವೇ ಫ್ರೀ ಮಾಡುವ ಹಬ್. ಫ್ರೀ ಇಟ್ಟರೆ ಮುಂದಿನ ಕ್ರೌನ್ ಪಿನಿಯನ್ ತಿರುಗುವುದೇ ಇಲ್ಲ, ಸೀಲುಗಳು ಒಣಗುತ್ತವೆ. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಮಣ್ಣು ದಾರಿಯಲ್ಲಿ ಕೆಲವು ಕಿಲೋಮೀಟರ್ ಫೋರ್ ವೀಲಿನಲ್ಲಿ ಓಡಿಸು.

ಸ್ಪ್ರಿಂಗ್ ಪ್ಲೇಟಿನ ಕೆಲಸ ಮಾಡಿಸಿದರೆ ಸುಮಾರು 500 ಕಿಲೋಮೀಟರ್ ಆದ ಮೇಲೆ, ಸ್ಪ್ರಿಂಗನ್ನು ಹೌಸಿಂಗಿಗೆ ಹಿಡಿದಿರುವ ಯು ಬೋಲ್ಟ್ ಮತ್ತೊಮ್ಮೆ ಬಿಗಿಸು. ಸಡಿಲವಿದ್ದರೆ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗೇ ಜರುಗುತ್ತದೆ. ತೊಳೆಸುವಾಗ ಚಾಸಿಯ ಒಳಗಿನ ಕೆಸರು ಹೋಗುವಂತೆ ತೂತುಗಳಿಗೆ ನೀರು ಬಿಡಿಸು, ಆದರೆ ಸೀಲು, ಬ್ರೀದರ್ ಕಡೆ ಪ್ರೆಷರ್ ಗನ್ ಹಿಡಿಸಬೇಡ. ತುಕ್ಕು ಕೆರೆಯದೆ ಮೇಲೆ ಕಪ್ಪು ಕೋಟಿಂಗ್ ಬಳಿದರೆ ತುಕ್ಕು ಒಳಗೇ ತಿನ್ನುತ್ತದೆ.

ಆರ್‌ಸಿ 15 ವರ್ಷದ ಗಡುವಿಗೆ ಹತ್ತಿರ ಬಂದಿದೆ. ಮುಗಿಯುವ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಆರ್‌ಟಿಒಗೆ ಅರ್ಜಿ ಕೊಡಬೇಕು, ಗಾಡಿ ತೋರಿಸಿದರೆ ಮುಂದಿನ 5 ವರ್ಷಕ್ಕೆ ಕೊಡುತ್ತಾರೆ. ಅದಕ್ಕೆ ಮೊದಲೇ ಬ್ರೇಕು, ಸ್ಟಿಯರಿಂಗ್ ಸರಿಮಾಡಿಕೋ. ಸೀಲುಗಳು ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸು. ಹಳೇ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಂಕಿ ಇರುತ್ತವೆ, ಎಸೆಯುವ ಮುಂಚೆ ಫೋಟೋ ತೆಗೆದುಕೋ. ಗ್ರೀಸ್ ಗನ್, ಸ್ಟ್ಯಾಂಡ್ ಎರಡೂ ಇಲ್ಲೇ ಷೆಡ್ಡಿನಲ್ಲಿವೆ, ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು.

ನಿನ್ನ ಅಮ್ಮ