ಹೆದರಲು ಬಿಟ್ಟವರಿಗೆ

ನಿನ್ನೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ ವರದಿ ಕೈಗೆ ಬಂತು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದು ಒಂದು ವರ್ಷವಾದ ಮೇಲಿನ ತಪಾಸಣೆ. ಅನುಮಾನ ಪಡುವಂಥದ್ದು ಏನೂ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಇಂಥ ದಿನ ಬಂದರೆ ಕುಣಿದಾಡುತ್ತೇನೆ ಎಂದುಕೊಂಡಿದ್ದೆ. ಮಾಡಿದ್ದು ಇಷ್ಟೇ: ವರದಿಯ ಮೇಲಿನ ಹೆಸರು ನನ್ನದೇ ತಾನೇ ಎಂದು ನಾಲ್ಕು ಸಲ ನೋಡಿ, ಎರಡು ಗಂಟೆ ಗಡದ್ದಾಗಿ ನಿದ್ದೆ ಹೊಡೆದೆ. ಎದ್ದವಳು ಈ ಬರಹಕ್ಕೆ ಕುಳಿತೆ. ಹೆಚ್ಚುಕಡಿಮೆ ಎರಡು ವರ್ಷದ ಋಣ, ಇನ್ನು ತಡ ಮಾಡಬಾರದು.

ಮೊದಲು ನನ್ನ ಅತ್ತಿಗೆಗೆ. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಿದ ಬಯಾಪ್ಸಿ ವರದಿ ಕೇಳಲು ಹೋದಾಗ ಪಕ್ಕದಲ್ಲಿದ್ದವರು ಅವರು. ವೈದ್ಯರ ಬಾಯಿಂದ ಕ್ಯಾನ್ಸರ್ ಎಂಬ ಮಾತು ಬಂದ ಮೇಲೆ ಮುಂದಿನ ಒಂದೂ ನನ್ನ ಕಿವಿಯೊಳಗೆ ಇಳಿಯಲಿಲ್ಲ. ಅವರ ಮೇಜಿನ ಮೇಲೊಂದು ಪೆನ್ನಿತ್ತು, ಅದಕ್ಕೆ ಮುಚ್ಚಳ ಇರಲಿಲ್ಲ. ಮುಚ್ಚಳ ಎಲ್ಲಿ ಬಿದ್ದಿರಬಹುದು ಎಂದು ನಾನು ಹುಡುಕುತ್ತಿದ್ದೆ. ಅತ್ತಿಗೆ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡರು: ಎರಡನೇ ಹಂತ, ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ (ಗಡ್ಡೆ ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಅದರಲ್ಲಿ ಹೆಚ್ಚಿಲ್ಲ). ಆ ರಾತ್ರಿ ಹತ್ತು ಸಲವಾದರೂ 'ಏನಂದರು ಹೇಳಿ' ಎಂದು ಕೇಳಿರಬೇಕು. ಹತ್ತು ಸಲವೂ ಬರೆದದ್ದನ್ನು ಒಂದೇ ದನಿಯಲ್ಲಿ ಓದಿ ಹೇಳಿದರು. 'ಏನೂ ಆಗುವುದಿಲ್ಲ, ಸುಮ್ಮನಿರು' ಎಂದು ಮಾತ್ರ ಒಮ್ಮೆಯೂ ಸೇರಿಸಲಿಲ್ಲ. ಅದೊಂದನ್ನು ಹೇಳಿದ್ದರೆ ನಾನು ಅವರನ್ನು ಮತ್ತೆ ಕೇಳುತ್ತಿರಲಿಲ್ಲ.

ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಬರೀ ಅಂಕಿಗಳಿವೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಅಲ್ಲಿಗೊಂದು ಕೊಳವೆ ಹಾಕಿ, ಅದರ ತುದಿಗೆ ಡಬ್ಬಿ ಕಟ್ಟಿ ಮನೆಗೆ ಕಳುಹಿಸಿದ್ದರು. ದಿನಕ್ಕೆರಡು ಸಲ ಅದರಲ್ಲಿ ತುಂಬಿದ ದ್ರವವನ್ನು ಅಳೆದು ಚೆಲ್ಲಬೇಕು. ಬೆಳಿಗ್ಗೆ 70, ಸಂಜೆ 55. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದೆ. ಅವರು ಬೆಳಕಿಗೆ ಹಿಡಿದು ಗೆರೆ ನೋಡಿ ಬರೆಯುತ್ತಿದ್ದರು. ದಿನದ ಲೆಕ್ಕ 30 ಮಿಲಿಲೀಟರಿಗಿಂತ ಇಳಿದರೆ ಕೊಳವೆ ತೆಗೆಯುತ್ತೇವೆ ಎಂದಿದ್ದರು. 28 ಎಂದು ಬರೆದ ದಿನ ಅತ್ತಿಗೆ ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಇನ್ನು ಧೈರ್ಯ ಹೇಳಿದವರು. ಬಹಳ ಮಂದಿ, ಎಲ್ಲರೂ ಒಳ್ಳೆಯ ಮನಸ್ಸಿನವರು, ಆದರೆ ಬರೆಯಲೇಬೇಕು. 'ಮನಸ್ಸು ಗಟ್ಟಿಯಿದ್ದರೆ ರೋಗ ತಾನಾಗಿ ಓಡುತ್ತದೆ' ಎಂದು ದಿನಕ್ಕೆ ನಾಲ್ಕು ಜನ ಹೇಳಿದಾಗ ನನಗಾದದ್ದು ಧೈರ್ಯವಲ್ಲ. ರಾತ್ರಿ ಅಳು ಬಂದರೆ, ಈ ಅಳುವಿನಿಂದಲೇ ಗಡ್ಡೆ ಮತ್ತೆ ಬೆಳೆದುಬಿಟ್ಟರೆ ಎಂಬ ಇನ್ನೊಂದು ಹೆದರಿಕೆ ಹುಟ್ಟಿಕೊಂಡಿತು. ದುಃಖ ನುಂಗಿಕೊಂಡದ್ದಕ್ಕೇ ಈ ರೋಗ ಬಂತು ಎಂದವರೂ ಒಬ್ಬರಿದ್ದರು. ಅವರಿಗೆ ಈ ಪತ್ರದಲ್ಲಿ ಜಾಗವಿಲ್ಲ.

ಆ ಹೆದರಿಕೆಯಿಂದ ಬಿಡಿಸಿದ್ದು ಕೀಮೋ ವಿಭಾಗದ ಸಿಸ್ಟರ್ ಮತ್ತು ಅವರು ಕಳುಹಿಸಿಕೊಟ್ಟ ಆಪ್ತಸಮಾಲೋಚಕಿ. ಎರಡನೇ ಕೀಮೋ ದಿನ ಸಿಸ್ಟರ್ ಥರ್ಮಾಮೀಟರ್ ಚಿತ್ರವಿದ್ದ ಹಾಳೆಯೊಂದನ್ನು ಕೊಟ್ಟರು. ಜ್ವರದ್ದಲ್ಲ, ಸಂಕಟದ್ದು. ಸೊನ್ನೆಯಿಂದ ಹತ್ತರವರೆಗೆ, ಈ ವಾರ ಎಷ್ಟಿತ್ತು ಎಂದು ಗುರುತು ಹಾಕಬೇಕು. ನಾಲ್ಕು ಮುಟ್ಟಿದರೆ ಯಾರಾದರೂ ಬಂದು ಮಾತನಾಡಿಸುತ್ತಾರೆ ಎಂದು ಪಕ್ಕದವರು ಹೇಳಿದ್ದರು, ಹಾಗಾಗಿ ಜಾಣತನದಿಂದ ಮೂರಕ್ಕೆ ಹಾಕಿದೆ. ಸಿಸ್ಟರ್ ಹಾಳೆಯನ್ನು ನೋಡಲಿಲ್ಲ, ಕಿತ್ತು ಕಿತ್ತು ರಕ್ತ ಒಸರುತ್ತಿದ್ದ ನನ್ನ ಹೆಬ್ಬೆರಳಿನ ಉಗುರಿನ ಅಂಚನ್ನು ನೋಡಿದರು. 'ಇನ್ನೊಂದು ಹಾಳೆ ಕೊಡಲೇ ಅಮ್ಮಾ?' ಎಂದರು. ಎರಡನೇ ಹಾಳೆಯಲ್ಲಿ ಎಂಟು.

ಸಮಾಲೋಚಕಿ ಸಮಾಧಾನದ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ಲೆಕ್ಕ ಹೇಳಿದರು. ರೋಗ ಹರಡಿದ್ದ ಮಹಿಳೆಯರು ಗುಂಪಾಗಿ ಕುಳಿತು ಮನಸ್ಸು ಬಿಚ್ಚಿ ಮಾತನಾಡಿದ್ದರಿಂದ ಆಯುಷ್ಯ ಹೆಚ್ಚಿತು ಎಂದು 1989ರಲ್ಲಿ ಒಂದು ಅಧ್ಯಯನ ಬಂದಿತ್ತಂತೆ. ಅದನ್ನೇ ಇನ್ನೂ ಹೆಚ್ಚು ಜನರ ಮೇಲೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದಾಗ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಕಟವೂ ನೋವೂ ಮಾತ್ರ ಕಡಿಮೆಯಾಗಿದ್ದವು. 'ಗಡ್ಡೆಯ ಕೆಲಸವನ್ನು ಔಷಧಿಗೆ ಬಿಡಿ. ಅಳು ಬಂದರೆ ಅತ್ತುಬಿಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ' ಎಂದರು. ಅಂದು ಅವರ ಎದುರಿಗೇ ಮುಕ್ಕಾಲು ಗಂಟೆ ಅತ್ತೆ. ಅಷ್ಟು ಹಗುರಾಗಿ ಮನೆಗೆ ಬಂದದ್ದು ಆ ತಿಂಗಳಲ್ಲಿ ಅದೇ ಮೊದಲು.

ಮಗಳಿಗೆ ರೋಗದ ಹೆಸರನ್ನೇ ಹೇಳಿ ಎಂದವರೂ ಅವರೇ. ನಾವು 'ಅಮ್ಮನಿಗೆ ಹುಷಾರಿಲ್ಲ' ಎಂದು ಮುಗಿಸಿದ್ದೆವು. ಹೆಸರು ಹೇಳಿದ ಮೇಲೆ ಎಂಟು ವರ್ಷದ ಹುಡುಗಿ ಕೇಳಿದ್ದು, 'ನಾನು ಹಟ ಮಾಡಿದ್ದಕ್ಕೆ ಬಂತಾ?' ಎಂದು. ಎಷ್ಟು ದಿನದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ. ಪುಟ್ಟಿ, ನಿನಗೂ ಥ್ಯಾಂಕ್ಸ್. ಮತ್ತೆ ಹುಟ್ಟಿದ ಗುಂಗುರು ಕೂದಲನ್ನು ಮುಟ್ಟಿ 'ಇದು ಯಾರ ಕೂದಲಮ್ಮಾ?' ಎಂದು ಕೇಳಿ ನಗಿಸಿದ್ದಕ್ಕೆ.

ಹೆಸರೇ ಗೊತ್ತಿಲ್ಲದವರಿಗೂ ಇಲ್ಲಿ ಪಾಲಿದೆ. ನನ್ನ ಸ್ತನವನ್ನು ಪೂರ್ತಿ ತೆಗೆಯಲಿಲ್ಲ, ಗಡ್ಡೆ ಮತ್ತು ಸುತ್ತಲಿನ ಅಂಚನ್ನಷ್ಟೇ ತೆಗೆದು ವಿಕಿರಣ ಕೊಟ್ಟರು. ಇದು ಸಾಕೇ ಎಂದು ಶಸ್ತ್ರಚಿಕಿತ್ಸಕರನ್ನು ಪೀಡಿಸಿದಾಗ, 1976ರಲ್ಲಿ ಅಮೆರಿಕದ ವೈದ್ಯ ಬರ್ನಾರ್ಡ್ ಫಿಶರ್ ಅವರ ನೇತೃತ್ವದಲ್ಲಿ ಆರಂಭವಾದ ಪ್ರಯೋಗವೊಂದರ ಬಗ್ಗೆ ಹೇಳಿದರು. ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರು ಅದಕ್ಕೆ ಸೇರಿದ್ದರು. ಯಾರಿಗೆ ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಲು ಅವರು ಒಪ್ಪಿಕೊಂಡಿದ್ದರು. ಇಪ್ಪತ್ತು ವರ್ಷದ ನಂತರದ ಫಲಿತಾಂಶ 2002ರಲ್ಲಿ ಬಂದಾಗಲೂ ಬದುಕಿ ಉಳಿಯುವ ಸಾಧ್ಯತೆ ಸ್ತನವನ್ನು ಪೂರ್ತಿ ತೆಗೆದವರಿಗೂ ಗಡ್ಡೆಯನ್ನಷ್ಟೇ ತೆಗೆದವರಿಗೂ ಒಂದೇ ಆಗಿತ್ತು. ನನ್ನಷ್ಟೇ ಹೆದರಿದ್ದ ಹೆಂಗಸರು ಇಂಥದ್ದಕ್ಕೆ ಸಹಿ ಹಾಕಿದ್ದು ಹೇಗೋ. ಕನ್ನಡಿಯ ಮುಂದೆ ನಿಂತಾಗ ಒಮ್ಮೊಮ್ಮೆ ಅವರ ನೆನಪಾಗುತ್ತದೆ.

ವಿಕಿರಣದ ಕೊನೆಯ ದಿನ ಎಲ್ಲರೂ ಅಭಿನಂದಿಸಿದರು. ಮಾರನೆಯ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲಿಲ್ಲ. ದಿನವೂ ಯಾರಾದರೂ ನನ್ನನ್ನು ಪರೀಕ್ಷಿಸುತ್ತಿದ್ದರು, ಇನ್ನು ಕಾಯುವವರು ಯಾರು ಎಂಬ ಭಯ ಆಗ ಶುರುವಾಯಿತು. ಭುಜ ನೋವಾದರೂ ಮೂಳೆಗೆ ಹರಡಿತು ಎಂದೇ ಲೆಕ್ಕ. ಈಸ್ಟ್ರೋಜನ್ ಕೆಲಸವನ್ನು ತಡೆಯುವ ಟಾಮೊಕ್ಸಿಫೆನ್ ಮಾತ್ರೆಯ ಕೃಪೆಯಿಂದ ನಡುರಾತ್ರಿ ಮೈಯೆಲ್ಲ ಬಿಸಿಯೇರಿ, ಬೆವರಿ ಎಚ್ಚರವಾಗುತ್ತಿತ್ತು. ಕೀಮೋ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಗೆಳತಿಗೂ ಅದೇ ಮಾತ್ರೆ, ಅದೇ ಹೊತ್ತಿಗೆ ಎಚ್ಚರ. ಎರಡು ಗಂಟೆಗೆ ಮೊಬೈಲಿನಲ್ಲಿ 'ಎದ್ದಿದ್ದೀಯಾ?' ಎಂದು ಬರುತ್ತಿತ್ತು. ಈಗಲೂ ಬರುತ್ತದೆ.

ನನ್ನವರಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಅವರಿಗೆ ಮುಜುಗರ. ಗಾಯದ ಗುರುತನ್ನು ನಾನು ನೋಡುವ ಮೊದಲು ನೋಡಿದವರು ಅವರು, ಅಷ್ಟು ಸಾಕು.

ಕೊನೆಯದು, ಕ್ಷಮೆ. ಆ ತಿಂಗಳುಗಳಲ್ಲಿ ನಾನು ಫೋನ್ ಎತ್ತದವರ ಪಟ್ಟಿ ಉದ್ದವಿದೆ. ನೀವು ಬೇಸರಿಸದೆ ಮತ್ತೆ ಮತ್ತೆ ಮಾಡಿದಿರಿ. ಭಾನುವಾರದಿಂದ ಒಬ್ಬೊಬ್ಬರಿಗೇ ನಾನೇ ಮಾಡುತ್ತೇನೆ. ಹೇಗಿದ್ದೀಯಾ ಎಂದು ಕೇಳುವುದಾದರೆ ಸ್ವಲ್ಪ ಬಿಡುವು ಮಾಡಿಕೊಂಡು ಕುಳಿತಿರಿ, ಉತ್ತರ ಉದ್ದವಾಗಬಹುದು.