ಒಟ್ಟಿಗೆ ತಳ್ಳಿಹಾಕಿದ ಎಚ್ಚರಿಕೆಗಳು

ಪ್ರೀತಿಯ ವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸುದ್ದಿಗಳಿಗೆ ಬೇರೆ ಉತ್ತರ ಬರೆಯುತ್ತೇನೆ. ಇದು ಕೊನೆಯ ಪುಟದಲ್ಲಿ ನಿನ್ನ ಅನುವಾದದ ಕೆಲಸದ ಬಗ್ಗೆ, ಮೂಲದ ಸಂಖ್ಯೆಗೂ ಅನುವಾದದ ಸಂಖ್ಯೆಗೂ ತಾಳೆಯಾಗದಿದ್ದರೆ ತಂತ್ರಾಂಶ ಕೊಡುವ ಎಚ್ಚರಿಕೆಗಳ ಬಗ್ಗೆ, ನೀನು ಬರೆದ ಆ ಒಂದು ಮಾತಿಗೆ: ‘ಸಂಖ್ಯೆಯ ಎಚ್ಚರಿಕೆಗಳನ್ನು ಈಗ ಓದುವುದೂ ಇಲ್ಲ ದೊಡ್ಡಮ್ಮ, ಎಲ್ಲವನ್ನೂ ಒಟ್ಟಿಗೆ ಆಯ್ದು ಇಗ್ನೋರ್ ಒತ್ತಿಬಿಡುತ್ತೇನೆ. ಹೀಗೇ ಒಂದು ದಿನ ನಿಜವಾದ ತಪ್ಪೂ ಹೊರಟುಹೋದರೆ ಎಂದು ಭಯವಾಗುತ್ತದೆ.’ ಇಷ್ಟು ಬರೆದು ನೀನು ಬೇರೆ ಮಾತಿಗೆ ಹೋಗಿದ್ದೀಯ. ನನಗೆ ಹೋಗಲಾಗಲಿಲ್ಲ. ಎರಡು ರಾತ್ರಿಯಿಂದ ಅದೇ ತಲೆಯಲ್ಲಿದೆ.

ಗದರುತ್ತಿದ್ದೇನೆ ಎಂದುಕೊಳ್ಳಬೇಡ. ಅವುಗಳಲ್ಲಿ ಬಹುಪಾಲು ಸುಳ್ಳು ಎಂದು ನನಗೂ ಗೊತ್ತು. ಮೂಲದಲ್ಲಿ 1.5 ಗಂಟೆ ಎಂದಿದ್ದರೆ ನಾವು ಒಂದೂವರೆ ಗಂಟೆ ಎನ್ನುತ್ತೇವೆ; 1.5 ಎಲ್ಲಿ ಹೋಯಿತು ಎಂದು ತಂತ್ರಾಂಶ ಕೇಳುತ್ತದೆ. 1 ಮಿಲಿಯನ್ ಅನ್ನು 10 ಲಕ್ಷ ಎಂದರೆ ಅದಕ್ಕೂ ಹಳದಿ ಗುರುತು. 100,000 ಎಂಬುದನ್ನು 1,00,000 ಎಂದು ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿ ಬರೆದರೆ, ಅದನ್ನು ಕಲಿಸದ ಹೊರತು ಅದೂ ತಪ್ಪೇ. ಅನುಸ್ವಾರದ ಜಾಗದಲ್ಲಿ ಯಾರಾದರೂ ಕನ್ನಡದ ಸೊನ್ನೆಯನ್ನು ಒತ್ತಿದ್ದರಂತೂ, ಕಣ್ಣಿಗೆ ಎರಡೂ ಒಂದೇ ಬಳೆ, ಮೂಲದಲ್ಲಿ ಇಲ್ಲದ ಸಂಖ್ಯೆ ಅನುವಾದದಲ್ಲಿದೆ ಎಂಬ ದೂರು ಬರುತ್ತದೆ. (ಅದು ತಪ್ಪು ಹೌದು, ಸಂಖ್ಯೆಯ ತಪ್ಪಲ್ಲ ಅಷ್ಟೆ. ತಿದ್ದಿಬಿಡು.) ಇಂಥ ಮುನ್ನೂರನ್ನು ಕಂಡ ಕಣ್ಣು ಮುನ್ನೂರ ಒಂದನೆಯದನ್ನು ಓದುವುದಿಲ್ಲ.

ನಾನೂ ಓದಲಿಲ್ಲ.

ತಾತ ಹಾಸಿಗೆ ಹಿಡಿದಿದ್ದ ವರ್ಷ ಅದು. ಮಕ್ಕಳ ಸಿರಪ್ ಒಂದರ ಮಾಹಿತಿ ಪತ್ರ ನನ್ನ ಕೈಗೆ ಬಂದಿತ್ತು. ಹಿಂದಿನ ಆವೃತ್ತಿಯನ್ನೂ ನಾನೇ ಮಾಡಿದ್ದರಿಂದ ಟಿಎಂನಲ್ಲಿ, ಅಂದರೆ ಹಿಂದಿನ ಅನುವಾದಗಳನ್ನು ಕೂಡಿಟ್ಟು ಮತ್ತೆ ಎತ್ತಿಕೊಡುವ ತಂತ್ರಾಂಶದ ಭಂಡಾರದಲ್ಲಿ, ನನ್ನ ಹಳೆಯ ವಾಕ್ಯಗಳೇ ತುಂಬಿದ್ದವು. ಹೊಸ ಮೂಲದ ಒಂದು ಸಾಲಿನಲ್ಲಿ 5 ಮಿಲಿ ಎಂದಿದ್ದದ್ದು 2.5 ಮಿಲಿ ಆಗಿತ್ತು, ಉಳಿದದ್ದೆಲ್ಲ ಹಾಗೇ ಇತ್ತು. ಹಳೆಯ ಅನುವಾದದಲ್ಲಿ 5 ಎಂಬ ಅಂಕಿ ಇದ್ದಿದ್ದರೆ ತಂತ್ರಾಂಶವೇ ಅದನ್ನು ಬದಲಿಸುತ್ತಿತ್ತು. ಓದಲು ಚೆನ್ನಾಗಿರಲಿ ಎಂದು ನಾನು ‘ಐದು ಮಿಲಿಲೀಟರ್’ ಎಂದು ಅಕ್ಷರದಲ್ಲಿ ಬರೆದಿದ್ದೆ. ಅದು ಹೊಸ ಕಡತದಲ್ಲೂ ಹಾಗೆಯೇ ಬಂದು ಕೂತಿತು.

ಎಚ್ಚರಿಕೆ ಬಂದಿತ್ತು, ವಿದ್ಯಾ. ‘ಮೂಲದ 2.5 ಅನುವಾದದಲ್ಲಿ ಇಲ್ಲ.’ ಅದರ ಮೇಲಿನ ಸಾಲಿನಲ್ಲಿ ‘ಮೂಲದ 1.5 ಅನುವಾದದಲ್ಲಿ ಇಲ್ಲ.’ ಮೇಲಿನದು ಒಂದೂವರೆ ಗಂಟೆಯದು, ಕೆಳಗಿನದು ಮಗುವಿನ ಔಷಧದ್ದು. ಎರಡಕ್ಕೂ ಅದೇ ಹಳದಿ ಗುರುತು, ಅದೇ ಮಾತು. ರಾತ್ರಿ ಒಂದು ಗಂಟೆಯಾಗಿತ್ತು. ಎಲ್ಲವನ್ನೂ ಆಯ್ದು, ಒತ್ತಿ, ಮಲಗಿದೆ.

ಅಚ್ಚಿಗೆ ಹೋಗುವ ಮೊದಲು ಎರಡನೆಯ ಸಲ ಓದಿದವರು ಹಿಡಿದರು. ಯಾವ ಮಗುವಿಗೂ ಎರಡರಷ್ಟು ಔಷಧ ಹೋಗಲಿಲ್ಲ. ಆದರೆ ಮಾರನೆಯ ದಿನ ಕೇಳಿದಾಗ ನಾನು ‘ತಂತ್ರಾಂಶ ಎಚ್ಚರಿಸಲೇ ಇಲ್ಲ’ ಎಂದುಬಿಟ್ಟೆ. ಪರಿಶೀಲನೆಯ ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳುತ್ತಿದ್ದವನು ನನಗಿಂತ ತುಂಬ ಚಿಕ್ಕ ಹುಡುಗ. ಎರಡು ದಿನ ಕೂತು ತನ್ನ ತಪ್ಪು ಹುಡುಕಿದ. ಇಲ್ಲದ ತಪ್ಪು ಎಲ್ಲಿ ಸಿಗಬೇಕು? ಕೊನೆಗೆ ನನ್ನ ಮೇಜಿನ ಬಳಿ ಬಂದು, ‘ಕ್ಷಮಿಸಿ ಮೇಡಂ, ಇನ್ನು ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂದ. ನಾನು ‘ಆಗಲಿ’ ಎಂದೆ. ಆಮೇಲೆ ಅವನು ಕೆಲಸ ಬಿಟ್ಟುಹೋದ, ಎಲ್ಲಿದ್ದಾನೋ ತಿಳಿಯದು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಭಯವಾಗುತ್ತದೆ ಎಂದು ನೀನು ಬರೆದಿದ್ದೀಯಲ್ಲ, ನನಗೆ ಆಗ ಆ ಭಯವೂ ಹುಟ್ಟಿರಲಿಲ್ಲ. ಅದಕ್ಕೇ ನಿನ್ನ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಉಪಾಯ ಹೇಳಲು ನಾನು ಯಾರು, ಈಗಿನ ತಂತ್ರಾಂಶಗಳು ನನ್ನ ಕಾಲದವಲ್ಲ. ಆದರೂ, ಅಳತೆ ಮತ್ತು ಪ್ರಮಾಣಗಳನ್ನು ಅಂಕಿಯಲ್ಲೇ ಬರೆಯೋಣವೇ ಎಂದು ಕೆಲಸ ಕೊಟ್ಟವರನ್ನು ಮೊದಲೇ ಕೇಳಿ ನೋಡು. ಒಂದೂವರೆ, ಎರಡೂಕಾಲು ನಮ್ಮ ಭಾಷೆಯ ಚೆಲುವು, ಬಿಡಲು ನನಗೂ ಮನಸ್ಸಿಲ್ಲ. ಔಷಧದ ಪತ್ರದಲ್ಲಿ ಮಾತ್ರ ಬೇಡ. ಅಂಕಿ ಇದ್ದರೆ ಪರಿಶೀಲನೆಗೆ ಕಾಣುತ್ತದೆ. ಲಕ್ಷದ ಅಲ್ಪವಿರಾಮವನ್ನೂ ಕನ್ನಡ ಅಂಕಿಗಳನ್ನೂ ಗುರುತಿಸುವಂತೆ ಸೆಟ್ಟಿಂಗ್ ಬದಲಿಸಲು ಬರುತ್ತದೆಯೇ ಎಂದು ಬಲ್ಲವರನ್ನು ಕೇಳು. ಸುಳ್ಳು ಕಡಿಮೆಯಾದಷ್ಟೂ ಉಳಿದದ್ದನ್ನು ಓದುವ ಮನಸ್ಸು ಬರುತ್ತದೆ.

ಇನ್ನೊಂದು ಮಾತು, ನಿನ್ನ ಭಯವನ್ನು ಹೆಚ್ಚಿಸುತ್ತೇನೇನೋ. ಒಂದೂ ಎಚ್ಚರಿಕೆ ಬಾರದ ಕಡತವನ್ನೂ ಪೂರ್ತಿ ನಂಬಬೇಡ. ‘10 ಮಿಗ್ರಾಂ, 5 ದಿನ’ ಎಂಬುದು ‘5 ಮಿಗ್ರಾಂ, 10 ದಿನ’ ಆದರೆ ಎರಡು ಸಂಖ್ಯೆಗಳೂ ಇವೆಯಲ್ಲ ಎಂದು ಪರಿಶೀಲನೆ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಜರ್ಮನ್ ಮೂಲದ 1.500 ಎಂದರೆ ಸಾವಿರದ ಐನೂರು. ಅದನ್ನು ಹಾಗೇ ಉಳಿಸಿದರೆ ನಮ್ಮ ಓದುಗರಿಗೆ ಅದು ಒಂದೂವರೆ. ಎರಡೂ ಕಡೆ ಅಂಕಿಗಳು ಅವೇ ಆದ್ದರಿಂದ ಎಷ್ಟೋ ಸಲ ಎಚ್ಚರಿಕೆಯೇ ಬರುವುದಿಲ್ಲ. ಬಿಲಿಯನ್ ಎಂಬ ಪದವೂ ಹಾಗೆಯೇ: ಇಂಗ್ಲಿಷಿನಲ್ಲಿ ಈಗ 100 ಕೋಟಿ, ಜರ್ಮನ್‌ನಲ್ಲಿ ಲಕ್ಷ ಕೋಟಿ. ಪದದೊಳಗೆ ಅಡಗಿದ ಸಂಖ್ಯೆಯನ್ನು ನಾವೇ ನೋಡಬೇಕು.

ಆ ಘಟನೆಯ ನಂತರ ನಾನು ಮಾಡುತ್ತಿದ್ದುದು ಇಷ್ಟೇ: ಎಲ್ಲ ಮುಗಿದ ಮೇಲೆ, ಸಾಧ್ಯವಾದರೆ ಮರುದಿನ ಬೆಳಿಗ್ಗೆ, ವಾಕ್ಯಗಳನ್ನು ಬಿಟ್ಟು ಸಂಖ್ಯೆ ಮತ್ತು ಅದರ ಪಕ್ಕದ ಪದವನ್ನು ಮಾತ್ರ ಬಾಯಿಬಿಟ್ಟು ಓದುವುದು. ನಿಧಾನದ ಕೆಲಸ. ನಿನಗಿರುವ ಗಡುವುಗಳಲ್ಲಿ ಆಗದೇ ಇರಬಹುದು. ಔಷಧ, ಯಂತ್ರ, ಕರಾರು, ಇಷ್ಟಕ್ಕಾದರೂ ಮಾಡು. ತಳ್ಳಿಹಾಕಲೇಬೇಕಾದರೆ ಒಂದೊಂದನ್ನೇ ನೋಡಿ ತಳ್ಳು.

ಗುರುವಾರ ಕಳುಹಿಸಬೇಕೆಂದು ಬರೆದಿದ್ದೀಯಲ್ಲ, ಆ ಉಪಕರಣದ ಕೈಪಿಡಿಯಲ್ಲೂ ಎಲ್ಲವನ್ನೂ ಹೀಗೇ ಒತ್ತಿಬಿಟ್ಟಿದ್ದೀಯಾ? ಪರಿಶೀಲನೆಯನ್ನು ಮತ್ತೊಮ್ಮೆ ಓಡಿಸಿ, ತಳ್ಳಿದ್ದನ್ನೆಲ್ಲ ಮತ್ತೆ ಹೊರಗೆ ತೆಗೆ. ಬುಧವಾರ ರಾತ್ರಿ ಊಟವಾದ ಮೇಲೆ ಫೋನ್ ಮಾಡು. ಬೇರೇನೂ ಓದುವುದು ಬೇಡ. ಮೂಲದ ಸಂಖ್ಯೆಗಳನ್ನು ಒಂದೊಂದಾಗಿ ಹೇಳುತ್ತಾ ಹೋಗು, ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಕನ್ನಡದವನ್ನು ಹೇಳು, ಎಷ್ಟು ಹೊತ್ತಾದರೂ ಸರಿ. ನಾನು ಎಚ್ಚರವಾಗಿಯೇ ಇರುತ್ತೇನೆ.

ನಿನ್ನ
ದೊಡ್ಡಮ್ಮ