ಕೈ ಎತ್ತದೆ ತೀರ್ಮಾನ ಮಾಡುವವರು

ಪ್ರೀತಿಯ ಗೆಳೆಯಾ,

ಕ್ವೇಕರ್‌ಗಳು ಅಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು, ಅವರ ಬಗ್ಗೆ ಕೇಳಿದ್ದೀಯ. ಒಂದು ಗಂಟೆ ಸುಮ್ನೆ ಕೂರೋದಕ್ಕೆ ಇಂಗ್ಲೆಂಡಿಗೇ ಹೋಗಬೇಕಿತ್ತಾ ಅಂತ ಕಾಲೂ ಎಳೆದಿದ್ದೀಯ.

ಭಾನುವಾರದ ಮೌನ ನಿಜ. ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ. ಸುತ್ತ ಕುರ್ಚಿ, ನಡುವೆ ಮೇಜು, ಮೇಲೆ ಒಂದೆರಡು ಪುಸ್ತಕ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಿ ಕೂರುತ್ತಾರೆ. ಅದಕ್ಕೆ ವಾದ, ಪ್ರತಿವಾದ ಇಲ್ಲ. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರೆ ಮುಗೀತು, ಆಮೇಲೆ ಚಹಾ. ಪ್ರತಿಯೊಬ್ಬರೊಳಗೂ ದೇವರ ಅಂಶ ಇದೆ ಅಂತ 17ನೇ ಶತಮಾನದಲ್ಲಿ ಈ ಪಂಗಡ ಶುರುಮಾಡಿದ ಜಾರ್ಜ್ ಫಾಕ್ಸ್ ಹೇಳಿದ್ದೇ ಇದಕ್ಕೆಲ್ಲ ಬುಡ. ಎಲ್ಲರೊಳಗೂ ಇದ್ದ ಮೇಲೆ ನಡುವೆ ಪೂಜಾರಿ ಯಾಕೆ, ಅಲ್ವಾ?

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವರ ವ್ಯವಹಾರದ ಸಭೆ. ಸಭೆ ನಡೆಸುವವರನ್ನು ಕ್ಲರ್ಕ್ ಅನ್ನುತ್ತಾರೆ. ಅವರನ್ನು ಕೇಳಿಕೊಂಡು ಮೂಲೆಯಲ್ಲಿ ಕೂತಿದ್ದೆ. ಅಲ್ಲಿ ಮತಕ್ಕೆ ಹಾಕೋದೇ ಇಲ್ಲ ಮಾರಾಯ! ಅವತ್ತಿನ ವಿಷಯ ಹಾಲ್ ಬಾಡಿಗೆ ಏರಿಸೋದು. ಒಬ್ಬರು ಮಾತಾಡಿ ಕೂತ ಮೇಲೆ ಸ್ವಲ್ಪ ಹೊತ್ತು ಮೌನ, ಆಮೇಲೇ ಇನ್ನೊಬ್ಬರು. ಕ್ಲರ್ಕ್ ಅಲ್ಲೇ ನಿರ್ಣಯ ಬರೆದು ಗಟ್ಟಿಯಾಗಿ ಓದಿದರು. ಒಪ್ಪಿಗೆ ಇದ್ದವರು 'ಹಾಗೇ ಆಗಲಿ ಅಂತ ಆಸೆ' ಅಂದರು. ಕೈ ಎತ್ತೋದಿಲ್ಲ, ಚಪ್ಪಾಳೆ ಇಲ್ಲ.

ಅಷ್ಟರಲ್ಲಿ ಕಿಟಕಿ ಪಕ್ಕದ ಅಜ್ಜಿಯೊಬ್ಬರು ಎದ್ದರು. ಕುಡಿತ ಬಿಡೋಕೆ ಹೆಣಗುವವರು ಇಲ್ಲಿ ಸಂಜೆ ಸೇರುತ್ತಾರಲ್ಲ, ಅವರಿಗೆ ಇಷ್ಟು ಕೊಡೋಕಾಗುತ್ತಾ ಅಂದರು. ಕ್ಲರ್ಕ್ ಒಂದು ಸಾಲು ಹೊಡೆದು ಇನ್ನೊಂದು ಸೇರಿಸಿ ಓದಿದರು. ಅಜ್ಜಿಗೆ ಸಮಾಧಾನ ಆಗಲಿಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು. ಒಬ್ಬರೂ ಮುಖ ಗಂಟಿಕ್ಕಲಿಲ್ಲ.

ಚೆನ್ನಾಗಿದೆ ಅನ್ಸುತ್ತೆ. ಆದರೆ ಹೀಗೆ ಕಾಯೋದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಅಮೆರಿಕದಲ್ಲಿ ಕ್ವೇಕರ್‌ಗಳೂ ಗುಲಾಮರನ್ನು ಇಟ್ಟುಕೊಂಡಿದ್ದರು. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಅನ್ನೋ ಊರಿನ ನಾಲ್ವರು ಇದು ತಪ್ಪು ಅಂತ ಬರೆದುಕೊಟ್ಟರು. ಇದು ನಮ್ಮ ಕೈಲಾಗದ ದೊಡ್ಡ ವಿಷಯ ಅಂತ ಒಂದು ಸಭೆ ಮೇಲಿನ ಸಭೆಗೆ ದಾಟಿಸಿತು, ಅದು ಇನ್ನೂ ಮೇಲಕ್ಕೆ. ಅಲ್ಲಿ ಪಕ್ಕಕ್ಕೆ ಸರಿಸಿಬಿಟ್ಟರು. ಮುಂದೆ ನ್ಯೂಜೆರ್ಸಿಯ ಜಾನ್ ವೂಲ್ಮನ್ ಅನ್ನೋ ದರ್ಜಿ ಮನೆಮನೆಗೆ ಹೋಗಿ ಯಜಮಾನರ ಎದುರು ಕೂತು ಮಾತಾಡಿದ. ಉಳಿದುಕೊಂಡ ಮನೆಯಲ್ಲಿ ಗುಲಾಮರು ಕೆಲಸ ಮಾಡಿಕೊಟ್ಟರೆ ಅದಕ್ಕೆ ದುಡ್ಡು ಕೊಡುತ್ತಿದ್ದ. ಪುಕ್ಕಟೆ ಊಟ ಬೇಡ ಅಂತ ಅತಿಥಿಯೇ ಹೇಳಿದರೆ ಯಜಮಾನನ ಮುಖ ಹೇಗಾಗಿರಬೇಡ! ಗುಲಾಮರನ್ನು ಬಿಡದವರಿಗೆ ಸಂಘದಲ್ಲಿ ಜಾಗವಿಲ್ಲ ಅಂತ ಫಿಲಡೆಲ್ಫಿಯಾದ ವಾರ್ಷಿಕ ಸಭೆ ತೀರ್ಮಾನಿಸಿದ್ದು 1776ರಲ್ಲಿ. ವೂಲ್ಮನ್ 1772ರಲ್ಲೇ ತೀರಿಕೊಂಡಿದ್ದ.

88 ವರ್ಷ ಕಣೋ. ಒಪ್ಪದವರನ್ನು ಬಿಟ್ಟು ಮುಂದೆ ಹೋಗಬಾರದು ಅಂತ ಕಾದರು, ಸರಿ. ಆದರೆ ಯಾರ ಬಾಳಿನ ಬಗ್ಗೆ ಮಾತಾಗುತ್ತಿತ್ತೋ ಅವರು ಆ ಕೋಣೆಯಲ್ಲೇ ಇರಲಿಲ್ಲ. ಅದಕ್ಕೇ ಆ ಅಜ್ಜಿ ನನಗೆ ಇಷ್ಟವಾಗಿದ್ದು. ಅಲ್ಲಿ ಇಲ್ಲದವರ ಪರವಾಗಿ ಎದ್ದರಲ್ಲ.

ನಿಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಮತ ಬೇಡ ಅಂದರೆ ಯಾರೂ ಕೇಳೋದಿಲ್ಲ ಬಿಡು. ನಿರ್ಣಯವನ್ನು ಅಲ್ಲೇ ಬರೆದು, ಓದಿ, ತಿದ್ದಿ ಆಮೇಲೆ ಏಳೋದನ್ನಾದರೂ ಶುರುಮಾಡು. ಕಾರ್ಯದರ್ಶಿ ಹದಿನೈದು ದಿನ ಬಿಟ್ಟು ತನಗೆ ಬೇಕಾದ ಹಾಗೆ ಬರೆಯೋದಾದರೂ ತಪ್ಪುತ್ತೆ. ಈಗ ಕಾರ್ಯದರ್ಶಿ ನೀನೇ ಅಲ್ವಾ?

ನಿನ್ನ
ಗೆಳೆಯ